ಮಲೆನಾಡಿನ ಏರಿಗೆ ಇನ್ನು ನಾಲ್ಕು ಹಲ್ಲು ಸಾಕು

ಕಡೂರಿನ ಅಂಗಡಿಯಲ್ಲಿ ಸಿಗುವ ಒಂಟಿ ಗೇರಿನ ಸೈಕಲ್ಲೇ ಕೊಪ್ಪದಲ್ಲೂ ಸಿಗುತ್ತದೆ. ಅರಸೀಕೆರೆಯ ಹುಡುಗಿ ತುಳಿದುಕೊಂಡು ಹೋಗುವ ಸೈಕಲ್ಲಿಗೂ ಸಕಲೇಶಪುರದ ಹುಡುಗಿ ತಳ್ಳಿಕೊಂಡು ಹೋಗುವ ಸೈಕಲ್ಲಿಗೂ ಅಳತೆಯಲ್ಲಿ ವ್ಯತ್ಯಾಸವಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಅರ್ಧ ಬಯಲುಸೀಮೆ, ಅರ್ಧ ಮಲೆನಾಡು; ಮಾರುಕಟ್ಟೆಗೆ ಬರುವ ಸೈಕಲ್ ಮಾತ್ರ ಪೂರ್ತಿ ಬಯಲುಸೀಮೆಯದು. ‘ನಮ್ಮ ಕಡೆ ಏರು ಜಾಸ್ತಿ, ಸೈಕಲ್ ಆಗಿಬರೋದಿಲ್ಲ’ ಎಂಬ ಮಾತು ಮಲೆನಾಡಿನಲ್ಲಿ ಗಾದೆಯಷ್ಟೇ ಗಟ್ಟಿಯಾಗಿ ಕೂತಿದೆ. ಏರು ಹತ್ತಲಾಗದವನಿಗೆ ಕಾಲಲ್ಲಿ ಕಸುವಿಲ್ಲ ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಎರಡೂ ತಪ್ಪು. ತೊಡಕು ಇರುವುದು ಹಿಂದಿನ ಚಕ್ರದ ಫ್ರೀವೀಲಿನಲ್ಲಿ, ಅಂದರೆ ಚೈನ್ ಕೂರುವ ಹಲ್ಲುಚಕ್ರದಲ್ಲಿ, ಅದೂ ಅದರ ಹಲ್ಲಿನ ಲೆಕ್ಕದಲ್ಲಿ.

ಮನೆಯ ಸೈಕಲ್ಲಿನ ಹಲ್ಲು ಎಣಿಸಿ ನೋಡಿ. ದೊಡ್ಡವರು ತುಳಿಯುವ ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿನ ಪಕ್ಕದ ಚೈನ್‌ವೀಲಿಗೆ 44, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವುದು ರೂಢಿ. 44ನ್ನು 18ರಿಂದ ಭಾಗಿಸಿದರೆ 2.44. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ, ಸೈಕಲ್ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟು ರಸ್ತೆಗೆ ಇದು ಹೇಳಿ ಮಾಡಿಸಿದ ಅಳತೆ.

ಈಗ ಇದನ್ನೇ ಶೇ 8ರ ಏರಿಗೆ ತನ್ನಿ, ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 8 ಮೀಟರ್ ಮೇಲಕ್ಕೇರುವ ರಸ್ತೆಗೆ. 55 ಕೆಜಿಯ ಮನುಷ್ಯ, 20 ಕೆಜಿಯ ಸೈಕಲ್, ಒಟ್ಟು 75 ಕೆಜಿ. ಇದರ ಶೇ 8, ಅಂದರೆ 6 ಕೆಜಿ ಭಾರ ಸೈಕಲ್ಲನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಟೈರು ಉರುಳುವ ಘರ್ಷಣೆಗೆ ಮುಕ್ಕಾಲು ಕೆಜಿ ಸೇರಿಸಿ. ಬರೀ ಆರೂ ಮುಕ್ಕಾಲು ಕೆಜಿ ತಾನೇ ಎನಿಸಬಹುದು. ಆದರೆ ಆ ಎಳೆತವಿರುವುದು ಚಕ್ರ ನೆಲ ಮುಟ್ಟುವ ಕಡೆ, ಕಾಲಿರುವುದು ಪೆಡಲಿನ ಮೇಲೆ. ಚಕ್ರದ ತ್ರಿಜ್ಯ ಸುಮಾರು 36 ಸೆಂ.ಮೀ., ಪೆಡಲನ್ನು ಹೊತ್ತ ತೋಳು, ಅಂದರೆ ಕ್ರ್ಯಾಂಕ್, 17 ಸೆಂ.ಮೀ.; ಅಲ್ಲೇ ಭಾರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು. ಅದನ್ನು ಮತ್ತೆ 2.44ರಿಂದ ಗುಣಿಸಿ. ಪೆಡಲಿಗೆ ಬರುವ ಹೊರೆ ಸರಾಸರಿ 35 ಕೆಜಿ.

ಅದೂ ಸರಾಸರಿ ಮಾತ್ರ. ಕಾಲು ಕೆಳಮುಖವಾಗಿ ಒತ್ತುತ್ತದೆ. ಕ್ರ್ಯಾಂಕ್ ಅಡ್ಡವಾಗಿದ್ದಾಗ ಆ ಒತ್ತು ಪೂರ್ತಿ ಕೆಲಸಕ್ಕೆ ಬರುತ್ತದೆ. ಕ್ರ್ಯಾಂಕ್ ನೆಟ್ಟಗೆ ನಿಂತಾಗ ಎಷ್ಟು ಒತ್ತಿದರೂ ಚಕ್ರ ತಿರುಗುವುದಿಲ್ಲ. ಹಾರೆಯ ತುದಿ ಹಿಡಿದು ಕಲ್ಲು ಮೀಟುವವನು ಅಡ್ಡಕ್ಕೆ ಒತ್ತುವ ಬದಲು ಹಾರೆಯ ಉದ್ದಕ್ಕೇ ನೂಕಿದರೆ ಕಲ್ಲು ಕದಲುವುದಿಲ್ಲವಲ್ಲ, ಹಾಗೆ. ಕ್ರ್ಯಾಂಕ್ ನೆಟ್ಟಗಾಗುವ ಸತ್ತ ಜಾಗದ ಈ ನಷ್ಟ ತುಂಬಿಕೊಂಡು 35ರ ಸರಾಸರಿ ಬರಬೇಕಾದರೆ ಒಂದೊಂದು ತುಳಿತದಲ್ಲೂ ಸುಮಾರು 54 ಕೆಜಿ ಒತ್ತಬೇಕು. ತುಳಿಯುವವನ ಇಡೀ ಮೈತೂಕವೇ 55! ಸೀಟಿನಿಂದೆದ್ದು ಒಂದೇ ಕಾಲಿನ ಮೇಲೆ ಪೂರ್ತಿ ನಿಂತರೆ ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಏರು ಶೇ 9 ಆದರೆ ಮೈಭಾರ ಸಾಲದು. ಹ್ಯಾಂಡಲ್ ಹಿಡಿದೆಳೆದು ಮೈತೂಕಕ್ಕಿಂತ ಹೆಚ್ಚು ಒತ್ತಲು ಬರುತ್ತದೆ, ಆದರೆ ಹಾಗೆ ಬಹಳ ದೂರ ಹೋಗಲಾಗದು.

ಈ ಲೆಕ್ಕದ ನಿಜವಾದ ಸೊಗಸು ಇನ್ನು ಮುಂದಿದೆ. ಮೈತೂಕ ಹೆಚ್ಚಿದರೆ ಒತ್ತುವ ಬಲ ಹೆಚ್ಚುತ್ತದೆ, ಆದರೆ ಹಿಂದಕ್ಕೆಳೆಯುವ ಭಾರವೂ ಅದರ ಜೊತೆಗೇ ಹೆಚ್ಚುತ್ತದೆ. 80 ಕೆಜಿಯ ಗಟ್ಟಿ ಆಳಿಗೂ ಈ ಸೈಕಲ್ಲಿನಲ್ಲಿ ಶೇ 9ರ ಹತ್ತಿರವೇ ಮಿತಿ. ಹೊಡೆತ ಬೀಳುವುದು ಹಗುರ ಮೈಯವರಿಗೆ, ಏಕೆಂದರೆ ಸೈಕಲ್ಲಿನ 20 ಕೆಜಿ ಅವರಿಗಾಗಿ ಕಡಿಮೆಯಾಗುವುದಿಲ್ಲ. 35 ಕೆಜಿಯ ಎಂಟನೇ ತರಗತಿ ಹುಡುಗಿ ಇದೇ ಸೈಕಲ್ಲಿನ ಕ್ಯಾರಿಯರಿಗೆ 5 ಕೆಜಿಯ ಶಾಲೆ ಬ್ಯಾಗ್ ಸಿಕ್ಕಿಸಿಕೊಂಡು ಹೊರಟರೆ ಶೇ 6 ದಾಟಿದ ಕೂಡಲೇ ಪೂರ್ತಿ ನಿಂತು ತುಳಿದರೂ ಸೈಕಲ್ ಕದಲುವುದಿಲ್ಲ. ಅಂಥ ಏರು ಮೂಡಿಗೆರೆ, ಶೃಂಗೇರಿ ಕಡೆಯ ಒಳರಸ್ತೆಗಳಲ್ಲಿ ಬೇಕಾದಷ್ಟಿವೆ. ಆಕೆ ಇಳಿದು ತಳ್ಳುವುದಕ್ಕೆ ಸೋಮಾರಿತನವಾಗಲಿ, ಹೆಣ್ಣುಮಕ್ಕಳ ಶಕ್ತಿಯಾಗಲಿ ಕಾರಣವಲ್ಲ. ಅಲ್ಲಿ ಸೈಕಲ್ ಹತ್ತಬೇಕೆಂದು ಯಾರೂ ಲೆಕ್ಕ ಹಾಕಿಲ್ಲ, ಅಷ್ಟೇ.

18ರ ಬದಲು 22 ಹಲ್ಲಿನ ಫ್ರೀವೀಲ್ ಹಾಕಿ. ಅನುಪಾತ ಸರಿಯಾಗಿ 2ಕ್ಕೆ ಇಳಿಯುತ್ತದೆ. ಅದೇ ಹುಡುಗಿ, ಅದೇ ಬ್ಯಾಗ್. ಮಿತಿ ಶೇ 6ರಿಂದ ಶೇ 8ರ ಹತ್ತಿರಕ್ಕೆ ಏರುತ್ತದೆ. ಮುಂದಿನ ಚೈನ್‌ವೀಲನ್ನೂ 36ಕ್ಕೆ ಇಳಿಸಿದರೆ ಶೇ 10ರ ಹತ್ತಿರ. ಶ್ರಮದ ಮೊತ್ತ ಕಡಿಮೆಯಾಗುತ್ತದೆಂದು ತಿಳಿಯಬಾರದು. ಅಷ್ಟೇ ಎತ್ತರಕ್ಕೆ ಅಷ್ಟೇ ಭಾರ ಏರಿಸಲು ಬೇಕಾಗುವ ಶಕ್ತಿ ಯಾವ ಗೇರಿನಲ್ಲೂ ಒಂದೇ. ಅದನ್ನು ದೊಡ್ಡ ದೊಡ್ಡ ತುತ್ತಿನ ಬದಲು ಕಾಲಿನ ಸ್ನಾಯು ತಡೆಯುವ ಅಳತೆಯಲ್ಲಿ ಹಂಚುವುದೇ ಗೇರಿನ ಕೆಲಸ. ಗೇರ್ ಸೈಕಲ್ ಅಂದರೆ ಸ್ಪೀಡಿಗೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಈ ಅನುಪಾತದ ಹಿಂದೆ ಒಂದು ಒಳ್ಳೆಯ ಚರಿತ್ರೆಯಿದೆ. ಚೈನ್ ಇಲ್ಲದ ಕಾಲದಲ್ಲಿ ಪೆಡಲ್ ಮುಂದಿನ ಚಕ್ರಕ್ಕೇ ಕೂತಿತ್ತು, ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಆನೆಗಾತ್ರದ ಆ ಮುಂಚಕ್ರಗಳು 60 ಇಂಚು ವ್ಯಾಸದ ಆಸುಪಾಸಿಗೆ ನಿಂತುಹೋದವು, ಅದಕ್ಕಿಂತ ದೊಡ್ಡ ಚಕ್ರಕ್ಕೆ ಮನುಷ್ಯನ ಕಾಲು ಎಟುಕುವುದಿಲ್ಲ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜೆ. ಕೆ. ಸ್ಟಾರ್ಲಿ ತಂದ ರೋವರ್ ಸೈಕಲ್ಲಿನ ಹಿಂಚಕ್ರಕ್ಕೆ ಚೈನ್ ಇತ್ತು. ಚಿಕ್ಕ ಚಕ್ರವೇ ದೊಡ್ಡ ಚಕ್ರದ ಕೆಲಸ ಮಾಡಿತು. ನಮ್ಮ 28 ಇಂಚಿನ ಚಕ್ರವನ್ನು 2.44ರಿಂದ ಗುಣಿಸಿದರೆ 68 ಇಂಚು. ಅಂದರೆ ಆ ಕಾಲದ ಸವಾರರಿಗೆ ಕಾಲೇ ಎಟುಕದಷ್ಟು ದೊಡ್ಡ ಚಕ್ರವನ್ನು ಮಲೆನಾಡಿನ ಮಕ್ಕಳ ಕೈಗೆ ಕೊಟ್ಟು ಗುಡ್ಡ ಹತ್ತಿ ಎನ್ನುತ್ತಿದ್ದೇವೆ.

ಗೇರನ್ನು ಕೀಳಾಗಿ ಕಂಡವರು ನಮ್ಮಲ್ಲಷ್ಟೇ ಇರಲಿಲ್ಲ. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಬೆಟ್ಟದ ಹಾದಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಮಾರ್ಥೆ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ, ಒಂಟಿ ಗೇರಿನ ಪುರುಷ ಚಾಂಪಿಯನ್ನನ್ನು ಹಿಂದೆ ಹಾಕಿದರು. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಕಟ್ಟಿದ ಆಂರಿ ದೆಗ್ರಾಂಜ್ ಮಾತ್ರ ಗೇರು 45 ವರ್ಷ ದಾಟಿದವರಿಗೆ ಎಂದು ಬರೆದರು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಡೀರೇಲರ್ ಆ ಸ್ಪರ್ಧೆಯೊಳಗೆ ಬಂದದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳ ಹಿಂಚಕ್ರದ ಎರಡು ಬದಿಗೂ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು.

ಫ್ರೀವೀಲ್ ಬದಲಿಸುವುದು ಊರಿನ ಸೈಕಲ್ ಶಾಪಿನಲ್ಲೇ ಆಗುವ ಕೆಲಸ. 22ರದ್ದು ಸ್ಟಾಕಿನಲ್ಲಿ ಇಲ್ಲದಿದ್ದರೆ ಹೇಳಿ ತರಿಸಬೇಕಾಗುತ್ತದೆ. ಹಳೆಯದರ ಮರೆ (ಥ್ರೆಡ್) ತುಳಿದ ಹಾಗೆಲ್ಲ ಬಿಗಿಯಾಗುವುದರಿಂದ ಅದು ಸುಲಭಕ್ಕೆ ಬರುವುದಿಲ್ಲ. ಉಳಿ, ಸುತ್ತಿಗೆಯಿಂದ ಹೊಡೆದರೆ ಕಚ್ಚು ಸವೆದು, ಆಮೇಲೆ ಯಾವ ಉಪಕರಣಕ್ಕೂ ಸಿಗುವುದಿಲ್ಲ. ಕಚ್ಚಿಗೆ ಸರಿಯಾಗಿ ಕೂರುವ ರಿಮೂವರ್ ಇಟ್ಟು, ಆಕ್ಸಲ್ ನಟ್ಟಿನಿಂದ ಅದನ್ನು ಒತ್ತಿಹಿಡಿದು, ರಿಮೂವರನ್ನು ಬೆಂಚ್ ವೈಸಿಗೆ ಕಚ್ಚಿಸಿ, ಮೇಲಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ಬರುವಂತೆ ಇಡೀ ಚಕ್ರವನ್ನು ತಿರುಗಿಸಬೇಕು. ಮೊದಲು ಸಡಿಲವಾದ ಕೂಡಲೇ ನಟ್ಟನ್ನೂ ಸಡಿಲಿಸಿ, ಇಲ್ಲದಿದ್ದರೆ ಆಕ್ಸಲ್ಲಿನ ಮರೆ ಹಾಳಾಗುತ್ತದೆ. ಹೊಸದನ್ನು ಕೂರಿಸುವಾಗ ಮರೆಗೆ ಗ್ರೀಸ್ ಹಚ್ಚಲೇಬೇಕು. ಗ್ರೀಸಿಲ್ಲದೆ ಕೂರಿಸಿದ ಫ್ರೀವೀಲ್ ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಹಬ್ಬಿಗೇ ಅಂಟಿಕೊಳ್ಳುತ್ತದೆ.

ನಾಲ್ಕು ಹಲ್ಲು ಹೆಚ್ಚಾದರೆ ಚೈನ್ ಒಂದು ಇಂಚು ಹೆಚ್ಚು ಬೇಕು. ಹಿಂಚಕ್ರವನ್ನು ಅರ್ಧ ಇಂಚು ಮುಂದಕ್ಕೆ ಸರಿಸಲು ಜಾಗವಿದ್ದರೆ ಹಳೆಯ ಚೈನೇ ಸಾಕು, ಆದರೆ ಬ್ರೇಕಿನ ರಬ್ಬರನ್ನು ಮತ್ತೆ ರಿಮ್ಮಿಗೆ ಸರಿಯಾಗಿ ಹೊಂದಿಸಬೇಕು. ಅದಕ್ಕೂ ಮೊದಲು ಚೈನನ್ನು ಅಳೆಯಿರಿ. 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿ.ಮೀ., ಹೆಚ್ಚಿದ್ದರೆ ಚೈನ್ ಸವೆದಿದೆ. ಸವೆದ ಚೈನ್ ಹೊಸ ಹಲ್ಲಿನ ಮೇಲೆ ಜಾರುತ್ತದೆ, ಅದೂ ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೇ. ಚೈನ್‌ವೀಲ್ ಬದಲಿಸುವುದು ಇದಕ್ಕಿಂತ ಕಷ್ಟ. ಬಲಗಡೆಯ ಕ್ರ್ಯಾಂಕ್ ಸಮೇತ ಬದಲಿಸಬೇಕು, ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ನು ಎಷ್ಟೋ ಸಲ ಬಾಗಿ ಕೂತಿರುತ್ತದೆ.

ಗೇರ್ ಸೈಕಲ್ ಕೊಳ್ಳುವವರು 21 ಗೇರ್ ಎಂಬ ಸ್ಟಿಕರ್ ನೋಡದೆ, ಮುಂದಿನ ಅತಿ ಚಿಕ್ಕ ಹಲ್ಲುಚಕ್ರವನ್ನೂ ಹಿಂದಿನ ಅತಿ ದೊಡ್ಡದನ್ನೂ ಎಣಿಸಬೇಕು. ಮುಂದೆ 28, ಹಿಂದೆ 28 ಇದ್ದರೆ ಅನುಪಾತ 1. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಹೊರಡಲು ಅದಕ್ಕಿಂತ ಹೆಚ್ಚಿನದು ಬೇಡ. ಗೇರನ್ನು ಏರು ಶುರುವಾಗುವ ಮೊದಲೇ ಇಳಿಸಬೇಕು. ಬಿಗಿದ ಚೈನ್ ಹಲ್ಲಿನಿಂದ ಹಲ್ಲಿಗೆ ದಾಟದೆ ಕಟಕಟ ಎನ್ನುತ್ತದೆ. ಸೈಕಲ್ ಬಲಕ್ಕೆ ಬಿದ್ದು ಡೀರೇಲರ್ ತೂಗುವ ಕೊಕ್ಕೆ ಬಾಗಿದ್ದರೆ, ಅತಿ ದೊಡ್ಡ ಹಲ್ಲಿಗೆ ಹಾಕಿದಾಗ ಚೈನ್ ಕಡ್ಡಿಗಳ ನಡುವೆ ಸಿಕ್ಕಿ ಚಕ್ರವೇ ನಿಂತುಬಿಡುತ್ತದೆ. ಬಿದ್ದ ಮೇಲೆ ಮೊದಲು ನೋಡಬೇಕಾದದ್ದು ಆ ಕೊಕ್ಕೆಯನ್ನು.

ಹತ್ತಿದ್ದನ್ನು ಇಳಿಯಲೂ ಬೇಕು. ಕ್ರೋಮ್ ಹಾಕಿದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರ್ ಹಿಡಿಯುವುದಿಲ್ಲ. ನೀರಿನ ಪದರ ಒರೆಸಿಹೋಗಲು ಚಕ್ರ ಹಲವು ಸುತ್ತು ತಿರುಗಬೇಕು, ಅಷ್ಟರಲ್ಲಿ ತಿರುವು ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿರುವಿಗೆ ಬಹಳ ಮೊದಲೇ ಬ್ರೇಕನ್ನು ಮೆಲ್ಲಗೆ ತಾಗಿಸಿಕೊಂಡು ಇಳಿಯಬೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆಂದು ಅದನ್ನು ಬಿಚ್ಚಿಡುವುದು ಅಪಾಯದ ಕೆಲಸ. ನಿಲ್ಲಿಸುವಾಗ ಭಾರ ಮುಂಚಕ್ರಕ್ಕೆ ಸರಿಯುವುದರಿಂದ ಹಿಂದಿನ ಬ್ರೇಕ್ ಒಂದೇ ಹಿಡಿದರೆ ಚಕ್ರ ಜಾರುತ್ತದೆ. ಮೈಯನ್ನು ಹಿಂದಕ್ಕೆ ಸರಿಸಿ ಎರಡನ್ನೂ ಸಮವಾಗಿ ಒತ್ತಬೇಕು.

ಉದ್ಯಮ ಇದನ್ನೆಲ್ಲ ಯಾಕೆ ಯೋಚಿಸಲಿಲ್ಲ? ದೇಶದ ಸೈಕಲ್ ತಯಾರಿಕೆಯ ಕೇಂದ್ರ ಲೂಧಿಯಾನ, ಗುಡ್ಡವಿಲ್ಲದ ಬಯಲು. ಲಕ್ಷಗಟ್ಟಲೆ ಒಂದೇ ಅಚ್ಚಿನಲ್ಲಿ ತೆಗೆದರೆ ಬೆಲೆ ಇಳಿಯುತ್ತದೆ, ಆ ಬೆಲೆಯಲ್ಲೇ ಕಂಪನಿಗಳು ಬದುಕಬೇಕು. 1951ರಲ್ಲಿ ಶುರುವಾದ ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸಣ್ಣ ಅಂಗಡಿಗಳಿಗೂ ಒಳ್ಳೆಯ ಸುದ್ದಿ. ಆದರೆ ಹಲ್ಲಿನ ಲೆಕ್ಕ ಬದಲಾಗಬೇಕಾದರೆ ಒಟ್ಟಿಗೆ ಸಾವಿರಾರು ಸೈಕಲ್ ಕೊಳ್ಳುವವರು ಕೇಳಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಆರಂಭವಾಯಿತು. ಅಂಥ ಖರೀದಿಯ ಟೆಂಡರಿನಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ 22 ಹಲ್ಲಿನ ಫ್ರೀವೀಲ್ ಎಂದು ಒಂದು ಸಾಲು ಸೇರಿಸಬಹುದು. ಬಯಲಿನಲ್ಲಿ ವೇಗ ಕಡಿಮೆಯಾಗುತ್ತದಲ್ಲ ಎನ್ನುವವರಿಗೂ ಲೆಕ್ಕವಿದೆ. ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ 18 ಹಲ್ಲಿನಲ್ಲಿ ಗಂಟೆಗೆ 20 ಕಿ.ಮೀ., 22 ಹಲ್ಲಿನಲ್ಲಿ 16 ಕಿ.ಮೀ. ಐದು ಕಿ.ಮೀ. ದೂರದ ಶಾಲೆಗೆ ನಾಲ್ಕು ನಿಮಿಷ ತಡವಾಗುತ್ತದೆ. ತಳ್ಳಿಕೊಂಡು ಒಂದು ಕಿ.ಮೀ. ಏರು ಹತ್ತಲು ಹದಿನೈದು ನಿಮಿಷ ಬೇಕು.