ಒಲಿವಿಯಾ ಡಿ ಹ್ಯಾವಿಲೆಂಡ್ ತಮ್ಮದೇ ಸ್ಟುಡಿಯೋ ವಿರುದ್ಧ ನ್ಯಾಯಾಲಯಕ್ಕೆ ಹೋದದ್ದೇಕೆ?

ಓದುಗರ ಪ್ರಶ್ನೆ: 'ಗಾನ್ ವಿತ್ ದಿ ವಿಂಡ್' ಚಿತ್ರದ ಮೆಲನಿ ಪಾತ್ರದಿಂದ ಜಗತ್ತಿಗೆಲ್ಲ ಪರಿಚಿತರಾದ ಒಲಿವಿಯಾ ಡಿ ಹ್ಯಾವಿಲೆಂಡ್, ತಮ್ಮನ್ನು ತಾರೆಯಾಗಿಸಿದ ವಾರ್ನರ್ ಬ್ರದರ್ಸ್ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿದ್ದು ಯಾವ ಕಾರಣಕ್ಕೆ?

ಉತ್ತರ: ಏಳು ವರ್ಷಗಳ ಕರಾರು ಯಾವಾಗ ಮುಗಿಯುತ್ತದೆ ಎಂಬುದೇ ಆ ಮೊಕದ್ದಮೆಯ ತಿರುಳು. 1936ರಲ್ಲಿ ಒಲಿವಿಯಾ ಸಹಿ ಹಾಕಿದ ಕರಾರಿನಂತೆ, ಸ್ಟುಡಿಯೋ ಕೊಟ್ಟ ಪಾತ್ರವನ್ನು ಒಲ್ಲೆನೆಂದರೆ ಸಂಬಳವಿಲ್ಲದ ಅಮಾನತು ಕಾದಿರುತ್ತಿತ್ತು. ಅಷ್ಟೇ ಅಲ್ಲದೆ, ಅಮಾನತಿನ ದಿನಗಳನ್ನು ಕರಾರಿನ ಕೊನೆಗೆ ಸೇರಿಸಿ ಅವಧಿಯನ್ನು ಬೆಳೆಸುವ ಅಧಿಕಾರವೂ ಸ್ಟುಡಿಯೋಗೆ ಇತ್ತು. ಎರಾಲ್ ಫ್ಲಿನ್ ಜೊತೆಗಿನ ಸಾಹಸಚಿತ್ರಗಳಲ್ಲಿ ನಾಯಕನ ಪ್ರೇಯಸಿಯಾಗಿಯೇ ಉಳಿದಿದ್ದ ಅವರಿಗೆ ಮೆಲನಿಯಂಥ ಪಾತ್ರ ದಕ್ಕಿದ್ದು, ವಾರ್ನರ್ ಸಂಸ್ಥೆ ಅವರನ್ನು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ಗೆ ಎರವಲಾಗಿ ಕೊಟ್ಟಾಗ. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ದೊರೆತ ಮೇಲೂ ತಮ್ಮ ಸ್ಟುಡಿಯೋದಲ್ಲಿ ಸತ್ವವಿಲ್ಲದ ಪಾತ್ರಗಳೇ ಎದುರಾದಾಗ ಅವರು ಕೆಲವನ್ನು ನಿರಾಕರಿಸಿದರು. ಹೀಗಾಗಿ 1943ರಲ್ಲಿ ಕರಾರು ಮುಗಿಯಿತೆಂದು ಅವರು ಭಾವಿಸಿದ ಹೊತ್ತಿಗೆ, ಇನ್ನೂ ಸುಮಾರು ಆರು ತಿಂಗಳು ಬಾಕಿಯಿದೆಯೆಂದು ಸ್ಟುಡಿಯೋ ಹೇಳಿತು.

ಆಗ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಇದು ಸಣ್ಣ ಸಾಹಸವೇನಲ್ಲ. 1936ರಲ್ಲಿ ಇದೇ ಸಂಸ್ಥೆಯ ಕರಾರಿನಿಂದ ಬಿಡಿಸಿಕೊಳ್ಳಲು ಹೊರಟ ಬೆಟಿ ಡೇವಿಸ್ ಲಂಡನ್ನಿನ ನ್ಯಾಯಾಲಯದಲ್ಲಿ ಸೋತಿದ್ದರು. ಒಲಿವಿಯಾ ಅವರ ವಕೀಲ ಮಾರ್ಟಿನ್ ಗ್ಯಾಂಗ್ ಹಿಡಿದದ್ದು ಬೇರೆ ದಾರಿ: ವೈಯಕ್ತಿಕ ಸೇವೆಯ ಯಾವ ಕರಾರನ್ನೂ ಏಳು ವರ್ಷ ಮೀರಿ ಜಾರಿಗೊಳಿಸುವಂತಿಲ್ಲ ಎಂಬ ಕ್ಯಾಲಿಫೋರ್ನಿಯಾದ ಕಾನೂನು. ಏಳು ವರ್ಷವೆಂದರೆ ನಿಜವಾಗಿ ದುಡಿದ ಏಳು ವರ್ಷ ಎಂದು ಸ್ಟುಡಿಯೋ ವಾದಿಸಿತು. 1944ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ಕ್ಯಾಲೆಂಡರಿನ ಏಳು ವರ್ಷಗಳೇ ಲೆಕ್ಕ ಎಂದು ತೀರ್ಪಿತ್ತಿತು. ಈ ರಕ್ಷಣೆ ಸಾರ್ವಜನಿಕ ಹಿತಕ್ಕಾಗಿ ಇರುವುದರಿಂದ ಕರಾರಿಗೆ ಸಹಿ ಹಾಕಿದ ಮಾತ್ರಕ್ಕೆ ನೌಕರರು ಅದನ್ನು ಬಿಟ್ಟುಕೊಟ್ಟಂತಾಗದು ಎಂದದ್ದು, ನನ್ನ ದೃಷ್ಟಿಯಲ್ಲಿ, ತೀರ್ಪಿನ ಅತ್ಯಂತ ಬೆಲೆಯುಳ್ಳ ಭಾಗ.

ವ್ಯಾಜ್ಯ ನಡೆದಷ್ಟು ಕಾಲವೂ ಸಂಸ್ಥೆಯ ಮುಖ್ಯಸ್ಥ ಜ್ಯಾಕ್ ವಾರ್ನರ್ ಇತರ ಸ್ಟುಡಿಯೋಗಳಿಗೆ ಪತ್ರ ಬರೆದು ಎಚ್ಚರಿಸಿದ್ದರಿಂದ, ಬೇಡಿಕೆಯ ಉತ್ತುಂಗದಲ್ಲಿದ್ದ ನಟಿ ಹೆಚ್ಚುಕಡಿಮೆ ಎರಡು ವರ್ಷ ಚಿತ್ರೀಕರಣದಿಂದ ದೂರವಿರಬೇಕಾಯಿತು. ಆ ದಿನಗಳಲ್ಲಿ ಅವರು ಸೇನಾ ಆಸ್ಪತ್ರೆಗಳಿಗೆ ಹೋಗಿ ಗಾಯಾಳು ಸೈನಿಕರನ್ನು ಮಾತನಾಡಿಸುತ್ತಿದ್ದರು. ಬಿಡುಗಡೆಯ ನಂತರ ಪಾತ್ರಗಳನ್ನು ತಾವೇ ಆರಿಸಿಕೊಂಡು, 1946ರ 'ಟು ಈಚ್ ಹಿಸ್ ಓನ್' ಮತ್ತು 1949ರ 'ದಿ ಏರೆಸ್' ಚಿತ್ರಗಳಿಗೆ ಅತ್ಯುತ್ತಮ ನಟಿ ಆಸ್ಕರ್ ಪಡೆದರು. ಅವರು 2020ರಲ್ಲಿ, 104ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆ ಕಾನೂನನ್ನು ಕ್ಯಾಲಿಫೋರ್ನಿಯಾದ ವಕೀಲರು ಇಂದಿಗೂ ಡಿ ಹ್ಯಾವಿಲೆಂಡ್ ಕಾನೂನೆಂದೇ ಕರೆಯುತ್ತಾರೆ.