ಪ್ರತಿನಾಯಕ ಅಂದರೆ ಆಂಟಿಹೀರೋ ಅಲ್ಲ

ಪಾತಕಿಗಳನ್ನು ತಾನೇ ಹುಡುಕಿ ಕೊಲ್ಲುವ ಪನಿಷರ್ ಇದ್ದಾನಲ್ಲ, ಅವನು ಕಾಮಿಕ್ಸ್ ಲೋಕದ ಅತ್ಯುತ್ತಮ ಪ್ರತಿನಾಯಕನಂತೆ. ಮೊನ್ನೆ ಒಂದು ಬರಹದಲ್ಲಿ ಓದಿದೆ. ಅದಕ್ಕೂ ಮುಂಚೆ ಇನ್ಯಾರೋ ಈ ಪಟ್ಟವನ್ನು ವುಲ್ವರಿನ್‌ಗೆ ಕಟ್ಟಿದ್ದರು. ಡೆಡ್‌ಪೂಲ್‌ಗೂ ಒಮ್ಮೆ ಸಿಕ್ಕಿತ್ತು. ಒಂದು ಸಲ ಆದರೆ ಕೈತಪ್ಪು ಅಂತ ಬಿಡಬಹುದು. ಮೂರನೇ ಸಲಕ್ಕೂ ಸುಮ್ನೆ ಇರುವುದು ನನ್ನ ಕೈಲಾಗಲಿಲ್ಲ.

ಪನಿಷರ್ ಆಂಟಿಹೀರೋ. ನಾಯಕನ ಜಾಗದಲ್ಲಿ ಕೂತಿರುತ್ತಾನೆ, ನಾಯಕನಿಗೆ ಇರಬೇಕು ಅಂತ ನಾವು ಬಯಸುವ ಗುಣಗಳು ಮಾತ್ರ ಇರುವುದಿಲ್ಲ. ಪ್ರತಿನಾಯಕ ಹಾಗಲ್ಲ. ಅವನು ನಾಯಕನ ಎದುರಿಗೆ ನಿಂತವನು. 1974ರಲ್ಲಿ ಪನಿಷರ್ ಮೊದಲು ಬಂದದ್ದು ಸ್ಪೈಡರ್‌ಮ್ಯಾನ್‌ನನ್ನು ಕೊಲ್ಲಲು ಹೊರಟವನಾಗಿ. ಆ ಒಂದು ಸಂಚಿಕೆಗೆ ಪ್ರತಿನಾಯಕ ಅನ್ನುವ ಮಾತು ಒಪ್ಪುತ್ತಿತ್ತು ಅನ್ನಿ. ಈಗ ಒಪ್ಪುವುದಿಲ್ಲ.

ಎಡವಟ್ಟು ಎಲ್ಲಾಗುತ್ತದೆ ಅನ್ನುವುದು ಗೊತ್ತಿದೆ. 'ಆಂಟಿ' ಅಂದರೆ ವಿರುದ್ಧ, 'ಪ್ರತಿ' ಅಂದರೂ ವಿರುದ್ಧ, ಎರಡನ್ನೂ ಅದಲು ಬದಲು ಮಾಡಿದರೆ ಮುಗಿಯಿತು ಅನ್ನುವ ಲೆಕ್ಕ. ಆದರೆ 'ಪ್ರತಿ' ಅಷ್ಟು ಬಡ ಪದ ಅಲ್ಲ. ಪ್ರತಿವಾದಿ, ಪ್ರತಿಸ್ಪರ್ಧಿ ಅನ್ನುವಲ್ಲಿ ಅದು ಎದುರು ನಿಲ್ಲುತ್ತದೆ, ಸರಿ. ಪ್ರತಿಬಿಂಬದಲ್ಲಿ? ಅಲ್ಲಿ ವಿರೋಧವೇ ಇಲ್ಲ, ಹೋಲಿಕೆ ಇದೆ. ಪ್ರತಿಧ್ವನಿಯಲ್ಲಿ ನಮ್ಮದೇ ದನಿ ತಿರುಗಿ ಬರುತ್ತದೆ. ಪ್ರತಿಕ್ರಿಯೆ, ಪ್ರತ್ಯುತ್ತರಗಳಲ್ಲಿ ಒಂದು ಮೊದಲು ಬಂದಿರಬೇಕು, ಆಮೇಲೆ ಇದು. ಪ್ರತಿನಿಧಿ ಬೇರೆಯವರ ಪರವಾಗಿ ನಿಲ್ಲುತ್ತಾನೆ. ಇನ್ನು ದಾಖಲೆಗಳನ್ನು ಎರಡು ಪ್ರತಿ ಕೊಡಿ ಅಂತ ಕೇಳುತ್ತಾರಲ್ಲ, ಅಲ್ಲಿ ಪ್ರತಿ ಅಂದರೆ ನಕಲು. ಎದುರು ನಿಲ್ಲುವುದು, ತಿರುಗಿ ಬರುವುದು, ಹೋಲುವುದು, ಇನ್ನೊಂದರ ಜಾಗದಲ್ಲಿ ಕೂರುವುದು: ಇಷ್ಟೂ ಈ ಒಂದು ಉಪಸರ್ಗದ ಹೊಟ್ಟೆಯಲ್ಲಿದೆ. ಕಾಮಿಕ್ಸ್‌ನ ಒಬ್ಬ ವಿಲನ್ ಯಾಕೆ ಮನಸ್ಸಿನಲ್ಲಿ ಉಳಿಯುತ್ತಾನೆ, ಇನ್ನೊಬ್ಬ ಪುಟ ತಿರುಗಿಸುವಷ್ಟರಲ್ಲಿ ಯಾಕೆ ಮರೆತುಹೋಗುತ್ತಾನೆ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾವು ಬೇರೆಲ್ಲೋ ಹುಡುಕುತ್ತಿದ್ದೇವೆ.

ಖಳನಾಯಕ ಅನ್ನುವ ಪದ ಬೇರೆ. 'ಖಳ' ಅನ್ನುವುದು ಗುಣ. ದುಷ್ಟ, ನೀಚ ಅಂತ. ಕಾಡಿನಲ್ಲಿ ಒಬ್ಬನೇ ಇದ್ದರೂ ಖಳ ಖಳನೇ. ಪ್ರತಿನಾಯಕ ಅನ್ನುವುದು ಗುಣ ಅಲ್ಲ, ಜಾಗ. ನಾಯಕ ಇಲ್ಲದೆ ಪ್ರತಿನಾಯಕ ಇರಲು ಸಾಧ್ಯವೇ ಇಲ್ಲ, ಕನ್ನಡಿ ಮುಂದೆ ಯಾರೂ ನಿಲ್ಲದೆ ಬಿಂಬ ಇರುವುದಿಲ್ಲವಲ್ಲ, ಹಾಗೆ. (ಒಂದು ತಮಾಷೆ: ಸಂಸ್ಕೃತ ನಿಘಂಟಿನಲ್ಲಿ 'ಖಲ' ಅನ್ನುವುದಕ್ಕೆ ದುಷ್ಟ ಅನ್ನುವುದರ ಜೊತೆಗೆ ಒಕ್ಕಲು ಮಾಡುವ ಕಣ ಅನ್ನುವ ಅರ್ಥವೂ ಇದೆ. 'ವಿಲನ್' ಪದದ ಮೂಲವೂ ಹೊಲಕ್ಕೇ ಹೋಗುತ್ತದೆ. ಲ್ಯಾಟಿನ್‌ನ 'ವಿಲ್ಲಾ' ಅಂದರೆ ಜಮೀನುದಾರರ ತೋಟದ ಮನೆ, ಅಲ್ಲಿ ದುಡಿಯುವವನು 'ವಿಲ್ಲಾನುಸ್'. ಹಳೆಯ ಫ್ರೆಂಚ್‌ನಲ್ಲಿ ಅದು ಹಳ್ಳಿಗ ಅಂತಾಗಿ, ಆಮೇಲೆ ಒರಟ ಅಂತಾಗಿ, ಕೊನೆಗೆ ಕೇಡಿ ಅಂತಾಯಿತು. ಪದದ ಅರ್ಥ ಕೆಡಿಸಿದವರು ಯಾರು ಅಂತ ಊಹಿಸುವುದು ಕಷ್ಟ ಅಲ್ಲ. ಹೊಲದಲ್ಲಿ ಗೇಯುವವರಂತೂ ಅಲ್ಲ.)

ಪ್ರತಿನಾಯಕ ಇವತ್ತಿನ ಅನುವಾದಕರು ಹುಟ್ಟಿಸಿದ ಪದ ಅಂದುಕೊಂಡವರೂ ಇದ್ದಾರೆ. ಹತ್ತನೇ ಶತಮಾನದಲ್ಲಿ ಧನಂಜಯ ಬರೆದ ದಶರೂಪಕ ಅನ್ನುವ ಸಂಸ್ಕೃತ ನಾಟಕಶಾಸ್ತ್ರದ ಗ್ರಂಥದಲ್ಲೇ ಇದಕ್ಕೆ ಲಕ್ಷಣ ಇದೆ. ಅದರ ಪ್ರಕಾರ ಪ್ರತಿನಾಯಕ ಲೋಭಿ, ಧೀರೋದ್ಧತ, ಹಟಮಾರಿ, ಪಾಪ ಮಾಡುವವನು, ಚಟಗಳಿಗೆ ಬಿದ್ದವನು. ಉದಾಹರಣೆಗೆ ವ್ಯಾಖ್ಯಾನಕಾರ ಕೊಡುವುದು ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ. ಗಮನಿಸಿ, ಇಂಥವನಿಗೆ ಇಂಥವನು ಅಂತ ಜೋಡಿಯಾಗಿ ಹೇಳುತ್ತಾನೆ. ಒಂಟಿ ಹೆಸರು ಕೊಡುವುದೇ ಇಲ್ಲ.

ಆ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಧೀರೋದ್ಧತ. ಅದು ಕೆಟ್ಟವರ ಪಟ್ಟಿಯಿಂದ ಬಂದ ಪದ ಅಲ್ಲ. ನಾಯಕರಲ್ಲಿ ನಾಲ್ಕು ಬಗೆ ಹೇಳುತ್ತಾರಲ್ಲ, ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ, ಅದರಲ್ಲಿ ಒಂದು. ಅಂದರೆ ಎದುರಾಳಿಯನ್ನು ಅಳೆಯಲು ಹಳಬರು ತೆಗೆದುಕೊಂಡದ್ದು ನಾಯಕನನ್ನು ಅಳೆಯುವ ಕೋಲನ್ನೇ. ಅವನಿಗೆ 'ಧೀರ' ಅನ್ನುವುದನ್ನು ಮೊದಲು ಕೊಟ್ಟು, ಆಮೇಲೆ 'ಉದ್ಧತ' ಸೇರಿಸಿದರು.

ಧೀರೋದ್ಧತನ ಲಕ್ಷಣ ಏನು? ದರ್ಪ, ಮತ್ಸರ, ಮಾಯೆ, ಮೋಸ, ಅಹಂಕಾರ, ಚಂಚಲ ಬುದ್ಧಿ, ಸಿಟ್ಟು, ತನ್ನನ್ನು ತಾನೇ ಹೊಗಳಿಕೊಳ್ಳುವುದು. ಇದನ್ನು ಓದಿದಾಗ ನನಗೆ ಡಾಕ್ಟರ್ ಡೂಮ್ ಅಲ್ಲದೆ ಬೇರೆ ಯಾರೂ ಕಾಣಲಿಲ್ಲ. 1962ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಸೇರಿ ಕಟ್ಟಿದ ಈ ಲೋಹದ ಮುಖವಾಡದವನು 'ನಾನು' ಅನ್ನುವುದೇ ಅಪರೂಪ, ಬಾಯಿ ಬಿಟ್ಟರೆ ಡೂಮ್ ಹೀಗೆ, ಡೂಮ್ ಹಾಗೆ. ವಿಜ್ಞಾನವೂ ಬೇಕು, ಮಾಟವೂ ಬೇಕು. ಲಾಟ್ವೇರಿಯಾ ಅನ್ನುವ ಒಂದು ಇಡೀ ದೇಶದ ದೊರೆ. ಇಷ್ಟಿದ್ದೂ ಅವನ ಹೊಟ್ಟೆಯುರಿ ಎಲ್ಲಾ ರೀಡ್ ರಿಚರ್ಡ್ಸ್ ಅನ್ನುವ ಒಬ್ಬ ಹಳೆಯ ಸಹಪಾಠಿಯ ಮೇಲೆ, ಅಂದರೆ ಕಥೆಯ ನಾಯಕನ ಮೇಲೆ. ಕಾಲೇಜಿನಲ್ಲಿ ಡೂಮ್ ಒಂದು ಯಂತ್ರ ಕಟ್ಟುತ್ತಿದ್ದಾಗ ನಿನ್ನ ಲೆಕ್ಕ ತಪ್ಪಿದೆ ಅಂತ ರೀಡ್ ಹೇಳುತ್ತಾನೆ. ಇವನು ಕೇಳುವುದಿಲ್ಲ. ಯಂತ್ರ ಸಿಡಿದು ಮುಖ ಸುಟ್ಟುಕೊಳ್ಳುತ್ತಾನೆ. ತಪ್ಪು ಯಾರದ್ದು? ಡೂಮ್ ಪ್ರಕಾರ ರೀಡ್‌ದು. ಅವತ್ತು ಲೆಕ್ಕ ತಪ್ಪಿತ್ತು ಅಂತ ಒಮ್ಮೆ ಒಪ್ಪಿಕೊಂಡರೆ ಡೂಮ್ ಅನ್ನುವ ಮನುಷ್ಯನೇ ಉಳಿಯುವುದಿಲ್ಲ. ಇಬ್ಬರದ್ದೂ ಸರಿಸಮ ಬುದ್ಧಿ. ಒಬ್ಬನಿಗೆ ತಪ್ಪಬಹುದು ಅನ್ನುವ ಅಳುಕು ಇದೆ, ಇನ್ನೊಬ್ಬನಿಗೆ ಇಲ್ಲ. ಅಷ್ಟೇ ವ್ಯತ್ಯಾಸ. ಆ ಅಷ್ಟೇ ವ್ಯತ್ಯಾಸದ ಮೇಲೆ ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಕಥೆಗಳು ಬರುತ್ತಿವೆ.

ಈಗ ನನಗೆ ನಿಜವಾಗಿ ಕಿರಿಕಿರಿ ಮಾಡುವ ವಿಷಯಕ್ಕೆ ಬರುತ್ತೇನೆ. ವಿಲನ್‌ಗೆ 'ಆಳ' ಇದೆ ಅಂತ ಯಾರಾದರೂ ಹೇಳಿದರೆ, ಹತ್ತರಲ್ಲಿ ಒಂಬತ್ತು ಸಲ ಅವರು ಹೇಳುತ್ತಿರುವುದು ಅವನ ಬಾಲ್ಯ ಕಷ್ಟದ್ದಾಗಿತ್ತು ಅಂತ. ಅಪ್ಪ ಹೊಡೆಯುತ್ತಿದ್ದ, ಊರು ನಕ್ಕಿತು, ಪ್ರೀತಿಸಿದವಳು ಸತ್ತಳು. ಹಿಂದಿನ ಕಥೆ ಇದ್ದರೆ ಆಳ, ಇಲ್ಲದಿದ್ದರೆ ಪೊಳ್ಳು. ಹಾಗಾದರೆ ಜೋಕರ್‌ನನ್ನು ಏನು ಮಾಡೋಣ? 1940ರಲ್ಲಿ ಬಂದಾಗ ಅವನಿಗೆ ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಇಲ್ಲ. ಬ್ಯಾಟ್‌ಮ್ಯಾನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅವನು ಸಾಯಬೇಕಿತ್ತು. ಸಂಪಾದಕರು ಕೊನೆಯಲ್ಲಿ ಒಂದು ಪ್ಯಾನೆಲ್ ಸೇರಿಸಿ ಉಳಿಸಿಕೊಂಡರು. ಆಮೇಲೆ ಬೇರೆ ಬೇರೆಯವರು ಅವನಿಗೆ ಬೇರೆ ಬೇರೆ ಹಿನ್ನೆಲೆ ಹಚ್ಚಿದರು. 1988ರ ಒಂದು ಹೆಸರಾಂತ ಕಥೆಯಲ್ಲಂತೂ ತನ್ನ ಹಿಂದಿನದು ತನಗೆ ಒಮ್ಮೊಮ್ಮೆ ಒಂದೊಂದು ಥರ ನೆನಪಾಗುತ್ತದೆ ಅಂತ ಅವನೇ ಹೇಳುತ್ತಾನೆ. ಬಾಲ್ಯದ ಕಥೆಯೇ ಆಳ ಆಗಿದ್ದರೆ ಜೋಕರ್ ಅಂಗೈ ಮುಳುಗದ ಹಳ್ಳ ಆಗಬೇಕಿತ್ತು. ಆಗಿಲ್ಲ. ಯಾಕೆ ಅಂದರೆ ಅವನ ಎದುರಿಗಿರುವ ಬ್ಯಾಟ್‌ಮ್ಯಾನ್, ಅಪ್ಪ ಅಮ್ಮ ಕೊಲೆಯಾದ ಒಂದೇ ಒಂದು ರಾತ್ರಿಯ ದುರಂತದಿಂದ ತನ್ನ ಇಡೀ ಬದುಕಿಗೆ ನಿಯಮ ಕಟ್ಟಿಕೊಂಡವನು. ಹಿಂದಿನದನ್ನು ಒಂದು ಕ್ಷಣವೂ ಮರೆಯದವನ ಎದುರು ಹಿಂದೆಯೇ ಇಲ್ಲದವನು. ಜೋಕರ್‌ಗೆ ಗಟ್ಟಿಯಾದ ಹಿನ್ನೆಲೆ ಕೊಟ್ಟ ಕೂಡಲೇ ಈ ಜೋಡಿ ಸಡಿಲವಾಗುತ್ತದೆ, ನನ್ನ ಮಟ್ಟಿಗೆ.

ಹಿನ್ನೆಲೆ ಬೇಡವೇ ಬೇಡ ಅಂತಲ್ಲ. ಮಿಸ್ಟರ್ ಫ್ರೀಜ್‌ನನ್ನು ನೋಡಿ. 1959ರಲ್ಲಿ ಮಿಸ್ಟರ್ ಝೀರೋ ಅನ್ನುವ ಹೆಸರಲ್ಲಿ ಬಂದ. ಕೈಯಲ್ಲಿ ಮಂಜು ಉಗುಳುವ ಬಂದೂಕು, ಕಸುಬು ವಜ್ರ ಕದಿಯುವುದು. ಹತ್ತರಲ್ಲಿ ಹನ್ನೊಂದನೆಯವನು. 1992ರಲ್ಲಿ ಬ್ಯಾಟ್‌ಮ್ಯಾನ್‌ನ ಟಿವಿ ಅನಿಮೇಷನ್ ಸರಣಿ ಅವನಿಗೆ ನೋರಾ ಅನ್ನುವ ಹೆಂಡತಿಯನ್ನು ಕೊಟ್ಟಿತು. ಗುಣವಾಗದ ಕಾಯಿಲೆ, ಮದ್ದು ಸಿಗುವವರೆಗೂ ಅವಳನ್ನು ಹಿಮದಲ್ಲಿ ಕಾಪಿಟ್ಟಿದ್ದಾನೆ. ಒಂದೇ ಕಂತಿನಲ್ಲಿ ಅವನು ಬೇರೆಯೇ ಆದ. ಕಾಮಿಕ್ಸ್‌ನವರೂ ಆ ಕಥೆಯನ್ನೇ ತಮ್ಮದು ಮಾಡಿಕೊಂಡರು. ಇದನ್ನು ತೋರಿಸಿ, ನೋಡಿ, ಕಣ್ಣೀರಿನ ಕಥೆ ಕೆಲಸ ಮಾಡಿತಲ್ಲ ಅನ್ನುತ್ತಾರೆ. ಮಾಡಿತು ನಿಜ. ಆದರೆ ಕಣ್ಣೀರಿನಿಂದಲ್ಲ. ಕಳೆದುಕೊಂಡವರ ಹೆಸರಲ್ಲಿ ತನ್ನ ಬದುಕನ್ನೇ ಹೆಪ್ಪುಗಟ್ಟಿಸಿಕೊಂಡವನು ಅಂದರೆ ಯಾರು ನೆನಪಾಗುತ್ತಾರೆ? ಬ್ಯಾಟ್‌ಮ್ಯಾನ್ ಅಲ್ವಾ? ಅದೇ ನೋರಾಳನ್ನು ಬೇರೆ ಯಾವುದೋ ನಾಯಕನ ವಿಲನ್‌ಗೆ ಕಟ್ಟಿದ್ದರೆ ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಿದ್ದೆವು.

ಮ್ಯಾಗ್ನೀಟೋ ಇನ್ನೂ ಒಳ್ಳೆಯ ಸಾಕ್ಷಿ. 1963–64ರ ಕಥೆಗಳಲ್ಲಿ ಅವನು ಕಟ್ಟಿದ ತಂಡದ ಹೆಸರನ್ನು ಕನ್ನಡಕ್ಕೆ ತಂದರೆ ದುಷ್ಟ ಮ್ಯೂಟಂಟರ ಸಹೋದರ ಸಂಘ ಅಂತಾಗುತ್ತದೆ. (ಮ್ಯೂಟಂಟರು ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರು.) ಯಾರಾದರೂ ತಮ್ಮ ಸಂಘಕ್ಕೆ ತಾವೇ ದುಷ್ಟರು ಅಂತ ಹೆಸರಿಡುತ್ತಾರಾ? ಅವನು ಅಪ್ಪಟ ಖಳ. ಕ್ರಿಸ್ ಕ್ಲೇರ್‌ಮಾಂಟ್ ಬರೆಯತೊಡಗಿದ ಮೇಲೆ, ಎಕ್ಸ್-ಮೆನ್ ಪತ್ರಿಕೆಯ 1981ರ 150ನೇ ಸಂಚಿಕೆಯಲ್ಲಿ, ಜಗಳದ ನಡುವೆ ಅವನು ಒಬ್ಬ ಎಳೆ ಹುಡುಗಿಯನ್ನು ಹೊಡೆದು ಬೀಳಿಸುತ್ತಾನೆ. ಸತ್ತೇಹೋದಳು ಅಂದುಕೊಂಡು ಕುಸಿಯುತ್ತಾನೆ. ಆಶ್‌ವಿಟ್ಜ್‌ನಲ್ಲಿ ತಾನು ಬೆಳೆದದ್ದು ಅವನ ಬಾಯಿಂದ ಬರುವುದು ಆಗ. ಹಿನ್ನೆಲೆ ಎಲ್ಲಿ ಬಂತು ನೋಡಿ. ಅವನ ತಪ್ಪಿಗೆ ಮಾಫಿ ಕೊಡಿಸುವ ಚೀಟಿಯಾಗಿ ಬರಲಿಲ್ಲ. ಅವನ ಕೈ ತಡೆಯಲು ಬಂತು. ಎತ್ತಿದ ಕೈ ಯಾರ ಕೈಯಂತೆ ಕಾಣುತ್ತಿದೆ ಅಂತ ಅವನಿಗೇ ಹೊಳೆಯಿತು. ಎದುರಿಗಿರುವ, ಎಕ್ಸ್-ಮೆನ್ ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್‌ಗೆ ಬೇಕಾದದ್ದೂ ಇವನಿಗೆ ಬೇಕಾದದ್ದೂ ಒಂದೇ, ತಮ್ಮವರು ಬದುಕಬೇಕು. ಮನುಷ್ಯರನ್ನು ನಂಬಬಹುದಾ ಅನ್ನುವ ಒಂದು ಪ್ರಶ್ನೆಗೆ ಒಬ್ಬ ಹೌದು ಅಂದ, ಇನ್ನೊಬ್ಬ ಇಲ್ಲ ಅಂದ. ಇಲ್ಲ ಅಂದವನ ಹತ್ತಿರ ಜಾಸ್ತಿ ಪುರಾವೆ ಇದೆ ಅನ್ನುವುದೇ ಓದುಗರಿಗೆ ಕಷ್ಟ ಕೊಡುವುದು.

ಹಳೆಯ ಕಥೆಗಳಲ್ಲಿ ಇದೆಲ್ಲ ಯಾಕಿರಲಿಲ್ಲ, ಆಗಿನವರಿಗೆ ಬರೆಯಲು ಬರುತ್ತಿರಲಿಲ್ಲವಾ? ಬರುತ್ತಿತ್ತು. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ಒಂದು ಕಾಮಿಕ್ಸ್ ಕೋಡ್ ಹಾಕಿಕೊಂಡರು. ಅಪರಾಧಿಯ ಮೇಲೆ ಕನಿಕರ ಹುಟ್ಟುವಂತೆ ಅಪರಾಧವನ್ನು ತೋರಿಸಕೂಡದು ಅಂತ ಅದರಲ್ಲೇ ಬರೆದಿತ್ತು. ಪ್ರತಿ ಕಥೆಯಲ್ಲೂ ಒಳಿತೇ ಗೆಲ್ಲಬೇಕು, ಕೆಟ್ಟವನಿಗೆ ಶಿಕ್ಷೆ ಆಗಲೇಬೇಕು. ಅಂಗಡಿಗೆ ಹೋಗಬೇಕಾದರೆ ಮುಖಪುಟದ ಮೇಲೆ ಆ ಮುದ್ರೆ ಬೇಕಿತ್ತು. 1971ರಲ್ಲಿ ಇದು ಸಡಿಲವಾಯಿತು. ಪೊಳ್ಳು ವಿಲನ್‌ಗಳ ಒಂದು ಇಡೀ ತಲೆಮಾರು ನಿಯಮದ ಕೂಸು. ಡೂಮ್ ಅದರ ನಡುವೆಯೇ ಹುಟ್ಟಿದ ಅನ್ನುವುದು ಅವನ ಹೆಚ್ಚುಗಾರಿಕೆ.

ಜೋಡಿಯ ಮಾತನ್ನು ಇನ್ನೂ ನಂಬದಿದ್ದರೆ ಕಿಂಗ್‌ಪಿನ್‌ನನ್ನು ನೋಡಿ. 1967ರಲ್ಲಿ ಸ್ಪೈಡರ್‌ಮ್ಯಾನ್ ಕಥೆಯಲ್ಲಿ ಹುಟ್ಟಿದ. ಗುಡ್ಡದಂಥ ಮೈ, ಬೋಳು ತಲೆ, ಬಿಳಿ ಕೋಟು, ಗ್ಯಾಂಗಿನ ಯಜಮಾನ. ಚೆನ್ನಾಗಿದ್ದ, ಅಷ್ಟೇ. 1981ರಲ್ಲಿ ಫ್ರ್ಯಾಂಕ್ ಮಿಲ್ಲರ್ ಅವನನ್ನು ಎತ್ತಿ ಡೇರ್‌ಡೆವಿಲ್ ಕಥೆಗೆ ತಂದ. ಅದೇ ಮೈ, ಅದೇ ಕೋಟು. ಆದರೆ ಈಗ ಎದುರಿಗಿರುವವನು ಹಗಲು ವಕೀಲ, ರಾತ್ರಿ ಕಾನೂನು ಮೀರಿ ಬಡಿಯುವವನು. ಕಿಂಗ್‌ಪಿನ್ ಹಗಲು ಮರ್ಯಾದಸ್ಥ ವ್ಯಾಪಾರಿ, ಒಳಗೆ ಪಾತಕಿ. ಇಬ್ಬರೂ ಕಾನೂನನ್ನು ಅಂಗಿಯಂತೆ ತೊಟ್ಟು ಬಿಚ್ಚುವವರೇ. 1986ರ ಕಥೆಯಲ್ಲಿ ಡೇರ್‌ಡೆವಿಲ್ ಯಾರು ಅನ್ನುವ ಗುಟ್ಟು ಸಿಕ್ಕಿದಾಗ ಕಿಂಗ್‌ಪಿನ್ ಅವನನ್ನು ಕೊಲ್ಲಲು ಓಡುವುದಿಲ್ಲ. ಅವನ ದುಡ್ಡು ತಡೆಹಿಡಿಸುತ್ತಾನೆ, ವಕೀಲಿಕೆ ಕಿತ್ತುಕೊಳ್ಳುತ್ತಾನೆ, ಎಲ್ಲಾ ಕಾಗದಪತ್ರದಲ್ಲೇ. ಕೊನೆಗೆ ತಡೆಯಲಾರದೆ ಮನೆಯನ್ನೂ ಸಿಡಿಸುತ್ತಾನೆ. ಇದೆಲ್ಲ ಬರೀ ದುರದೃಷ್ಟ ಅಲ್ಲ, ಹಿಂದೆ ಯಾರಿದ್ದಾರೆ ಅಂತ ಡೇರ್‌ಡೆವಿಲ್‌ಗೆ ಗೊತ್ತಾಗುವುದು ಅಲ್ಲಿ. ಮತ್ತೆ ಅದೇ ಉದ್ಧತ.

ಥಾನೋಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಜಗಳ ಆಗುತ್ತದೆ. 1991ರ ಕಾಮಿಕ್ಸ್‌ನಲ್ಲಿ ಅವನು ಬ್ರಹ್ಮಾಂಡದ ಅರ್ಧ ಜೀವಗಳನ್ನು ಅಳಿಸಿದ್ದು ಸಾವು ಅನ್ನುವ ಹೆಣ್ಣನ್ನು ಒಲಿಸಿಕೊಳ್ಳಲು. 2018ರ ಸಿನಿಮಾ ಅದನ್ನು ತೆಗೆದು, ಇರುವುದು ಎಲ್ಲರಿಗೂ ಸಾಲುವುದಿಲ್ಲ ಅನ್ನುವ ಲೆಕ್ಕ ಇಟ್ಟಿತು. ಕಾರಣ ಇದೆ, ಆದ್ದರಿಂದ ಆಳ ಇದೆ ಅನ್ನುವವರು ಆ ಲೆಕ್ಕವನ್ನು ಎರಡು ನಿಮಿಷ ಕೂತು ಮಾಡಿ ನೋಡಲಿ. ಸಿನಿಮಾದಲ್ಲಿ ಅವನು ನಿಲ್ಲುವುದು ಬೇರೆ ಕಾರಣಕ್ಕೆ. ಒಂದು ಜೀವ ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ವ್ಯಾಪಾರಕ್ಕೆ ನಾಯಕರು ಹಿಂದೇಟು ಹಾಕುತ್ತಿದ್ದಾಗ, ಅವನು ಸಾಕುಮಗಳನ್ನೇ ಬೆಲೆಯಾಗಿ ಕೊಟ್ಟುಬಿಡುತ್ತಾನೆ.

ಹಾಗಾದರೆ ಆಂಟಿಹೀರೋಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳುತ್ತೀರಿ. ಆಂಟಿಹೀರೋ ಅನ್ನಿ. ಬಸ್ಸು, ಪೊಲೀಸು ಎಲ್ಲಾ ಒಗ್ಗಿದ ಹಾಗೆ ಇದೂ ಒಗ್ಗಿದೆ. ಪ್ರತಿನಾಯಕನ ಜಾಗ ಮಾತ್ರ ಕಿತ್ತುಕೊಳ್ಳಬೇಡಿ. ಎರಡರ ಗಡಿ ಎಲ್ಲಿದೆ ಅಂತ ನೋಡಲು ವೆನಮ್ ಒಬ್ಬ ಸಾಕು. 1988ರಲ್ಲಿ ಬಂದಾಗ ಸ್ಪೈಡರ್‌ಮ್ಯಾನ್ ಬಿಸಾಡಿದ ಉಡುಪನ್ನೇ ತೊಟ್ಟಿದ್ದ, ಅವನ ಗುಟ್ಟೆಲ್ಲಾ ಗೊತ್ತಿತ್ತು, ಅವನ ಎದೆಯ ಮೇಲಿನ ಜೇಡವೇ ದೊಡ್ಡದಾಗಿ ಇವನ ಎದೆಯ ಮೇಲಿತ್ತು. ಎದುರಾಳಿ ಅನ್ನುವ ಅರ್ಥದಲ್ಲೂ ನಕಲು ಅನ್ನುವ ಅರ್ಥದಲ್ಲೂ ಪ್ರತಿ. 1993ರಲ್ಲಿ ಅವನಿಗೆ ಸ್ವಂತ ಪತ್ರಿಕೆ ಸಿಕ್ಕಿತು. ಸ್ಪೈಡರ್‌ಮ್ಯಾನ್ ಜೊತೆ ರಾಜಿ ಮಾಡಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಲ್ಲಿನ ದಿಕ್ಕಿಲ್ಲದವರನ್ನು ಕಾಯತೊಡಗಿದ. ಹಲ್ಲು ಅದೇ, ನಾಲಿಗೆ ಅದೇ, ಎದೆಯ ಮೇಲೆ ಜೇಡವೂ ಹಾಗೇ ಇದೆ. ಆದರೆ ಅದನ್ನು ನೋಡಿ ಬೆಚ್ಚಬೇಕಾದವನು ಆ ಊರಿನವನಲ್ಲ.