ಅಂಡಕೋಶ ಅಂದರೆ ಯಾರದ್ದು?

‘ಅಂಡಕೋಶದ ಕ್ಯಾನ್ಸರ್: ಲಕ್ಷಣಗಳೇನು?’ ಎಂಬಂಥ ತಲೆಬರಹ ಕಂಡರೆ ಮುಂದೆ ಓದಬೇಕಾದವರು ಗಂಡಸರೋ ಹೆಂಗಸರೋ? ಒಂದು ಬರಹದಲ್ಲಿ ಅಂಡಕೋಶವೆಂದರೆ ಓವರಿ, ಅಂದರೆ ಹೆಣ್ಣಿನ ಅಂಡಾಶಯ. ಇನ್ನೊಂದರಲ್ಲಿ ವೃಷಣಗಳನ್ನು ಹೊತ್ತ ಚರ್ಮದ ಚೀಲ. ಮತ್ತೊಂದರಲ್ಲಿ ‘ಅಂಡಕೋಶವು ವೀರ್ಯಾಣುವಿನೊಡನೆ ಕೂಡಿ’ ಎಂದಿರುತ್ತದೆ. ಅಲ್ಲಿ ಅದು ಅಂಡಾಣು, ಒಂದೇ ಒಂದು ಜೀವಕೋಶ. ಐವಿಎಫ್ ಬಗ್ಗೆ ಬರೆಯುವವರು ಫಾಲಿಕಲ್‌ಗೂ, ಅಂದರೆ ಅಂಡಾಣುವನ್ನು ಸುತ್ತಿರುವ ನೀರುಗುಳ್ಳೆಗೂ, ಇದೇ ಹೆಸರು ಅಂಟಿಸುತ್ತಾರೆ. ನಾಲ್ಕು ವಸ್ತು, ಒಂದು ಪದ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಿ ಅನ್ನುವುದಕ್ಕೆ ಇದೇನು ಶ್ಲೇಷೆಯ ಪದ್ಯವಲ್ಲ.

ಅರ್ಧ ತಪ್ಪು ‘ಕೋಶ’ದ್ದು. ಒರೆ, ಚೀಲ, ಬೊಕ್ಕಸ, ನಿಘಂಟು, ಹೀಗೆ ಏನನ್ನಾದರೂ ಒಳಗಿಟ್ಟುಕೊಳ್ಳುವುದೆಲ್ಲ ಕೋಶವೇ. ಜೀವವಿಜ್ಞಾನ ಕನ್ನಡಕ್ಕೆ ಬಂದಾಗ ‘ಸೆಲ್’ಗೂ ಅದೇ ಪದ ಸಂದಿತು. ಹಾಗಾಗಿ ಶ್ವಾಸಕೋಶ ಇಡೀ ಅಂಗ, ನರಕೋಶ ಬರಿಗಣ್ಣಿಗೆ ಕಾಣದ ಸೆಲ್. ‘ಆಶಯ’ಕ್ಕೆ ಈ ತೊಡಕಿಲ್ಲ. ಮಲಗು ಎಂಬರ್ಥದ ‘ಶೀ’ ಧಾತುವಿನಿಂದ ಬಂದ ಪದ ಅದು, ಏನಾದರೊಂದು ತಂಗಿರುವ ಜಾಗ: ಜಲಾಶಯ, ಮೂತ್ರಾಶಯ, ಪಿತ್ತಾಶಯ. ಗರ್ಭಾಶಯ, ಗರ್ಭಕೋಶ ಎರಡೂ ಒಂದೇ ಅರ್ಥದಲ್ಲಿ ನಡೆಯುತ್ತವಲ್ಲ, ಅಂಡಾಶಯ, ಅಂಡಕೋಶವೂ ಹಾಗೇ ಇರಬೇಕು ಎಂದುಕೊಂಡಲ್ಲೇ ಎಡವಟ್ಟು ಶುರು.

ಉಳಿದರ್ಧ ‘ಅಂಡ’ದ್ದು, ಅದು ಹಳೆಯ ಕತೆ. ಸಂಸ್ಕೃತದಲ್ಲಿ ಅಂಡವೆಂದರೆ ಮೊಟ್ಟೆ; ಅಂಡಜ, ಬ್ರಹ್ಮಾಂಡ ಎಲ್ಲ ಅಲ್ಲಿಂದಲೇ. ಅದೇ ಪದ ಬೀಜಕ್ಕೂ, ಅಂದರೆ ವೃಷಣಕ್ಕೂ ನಿಂತಿತು. ಆಕಾರ ನೋಡಿದರೆ ಯಾಕೆಂದು ಯಾರೂ ಹೇಳಬೇಕಿಲ್ಲ. ಅಮರಕೋಶ ಮುಷ್ಕ, ಅಂಡಕೋಶ, ವೃಷಣ ಮೂರನ್ನೂ ಪರ್ಯಾಯ ಪದಗಳಾಗಿ ಒಂದೇ ಉಸಿರಿನಲ್ಲಿ ಕೊಡುತ್ತದೆ. ಅಂದಮೇಲೆ ಅಂಡಕೋಶದ ಮೂಲ ಹಕ್ಕುದಾರ ಗಂಡಸು. ಅಂಡವಾಯು, ಅಂಡವೃದ್ಧಿ (ವೃಷಣಚೀಲ ಊದುವುದು) ಎಂದಾಗಲೂ ಮಾತು ಗಂಡಸರ ಕಾಯಿಲೆಯದ್ದೇ. ಅಂಡಾಣು, ಅಂಡಾಶಯ, ಅಂಡನಾಳ ಹೊಸ ವಿಜ್ಞಾನ ಬರವಣಿಗೆಯ ಪದಗಳು. ಅವು ಮೊಟ್ಟೆಯ ಅರ್ಥವನ್ನು ಹಿಡಿದು ಹೆಣ್ಣಿನ ಕಡೆಗೆ ಬಂದವು. ಹಳೆಯ ಅಂಡ ಒಂದು ಕಡೆ, ಹೊಸ ಅಂಡ ಇನ್ನೊಂದು ಕಡೆ, ನಡುವೆ ಅಂಡಕೋಶ ಅನಾಥ.

ಯುರೋಪು ಇದೇ ಗುಂಡಿಗೆ ಆಚೆ ದಡದಿಂದ ಬಿದ್ದಿತ್ತು. ಇಲ್ಲಿ ಮೊಟ್ಟೆಯ ಹೆಸರು ಗಂಡಿಗೆ ಹೋದರೆ ಅಲ್ಲಿ ವೃಷಣದ ಹೆಸರು ಹೆಣ್ಣಿಗೆ ಹೋಯಿತು. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಓವರಿಯನ್ನು ಹೆಣ್ಣಿನ ವೃಷಣವೆಂದೇ ಕರೆದ; ಒಂದೂವರೆ ಸಾವಿರ ವರ್ಷ ಅದೇ ಚಲಾವಣೆಯಲ್ಲಿತ್ತು. 1667ರಲ್ಲಿ ಡೆನ್ಮಾರ್ಕಿನ ನಿಕೊಲಸ್ ಸ್ಟೆನೊ, ಇದು ಮೊಟ್ಟೆಯಿಡುವ ಪ್ರಾಣಿಗಳ ಓವರಿಯಂಥದ್ದೇ ಅಂಗ ಎಂದ. 1672ರಲ್ಲಿ ಡಚ್ ವೈದ್ಯ ರೆನಿಯರ್ ದ ಗ್ರಾಫ್ ಅದರೊಳಗಿನ ನೀರು ತುಂಬಿದ ಗುಳ್ಳೆಗಳನ್ನು ವಿವರಿಸಿದ, ಆದರೆ ಗುಳ್ಳೆಯನ್ನೇ ಮೊಟ್ಟೆ ಎಂದುಕೊಂಡ. ಗುಳ್ಳೆಯೊಳಗಿನ ನಿಜವಾದ ಅಂಡಾಣುವನ್ನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್ ನಾಯಿಯಲ್ಲಿ ಕಂಡದ್ದು 1827ರಲ್ಲಿ. ಗ್ರಾಫ್‌ನನ್ನು ದೂರುವಂತಿಲ್ಲ: ಬಿಡುಗಡೆಗೆ ಅಣಿಯಾದ ಗುಳ್ಳೆ ಸುಮಾರು 20 ಮಿಲಿಮೀಟರ್, ಅದರೊಳಗಿನ ಅಂಡಾಣು 0.1 ಮಿಲಿಮೀಟರ್ ಆಸುಪಾಸು. ಅಂದಿನ ತಪ್ಪನ್ನು ಇಂದೂ ಮಾಡುವವರಿಗೆ ಮಾತ್ರ ಆ ರಿಯಾಯಿತಿ ಸಲ್ಲದು.

ಹಳಬರು ಎರಡಕ್ಕೂ ಒಂದೇ ಹೆಸರಿಟ್ಟದ್ದರಲ್ಲಿ ಒಂದು ನಿಜವೂ ಸಿಕ್ಕಿಕೊಂಡಿತ್ತು. ಭ್ರೂಣದಲ್ಲಿ ಸುಮಾರು ಆರು ವಾರದವರೆಗೆ ಈ ಅಂಗದ ಮೊಳಕೆ ಗಂಡೂ ಅಲ್ಲ, ಹೆಣ್ಣೂ ಅಲ್ಲ. ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಜೀನ್ ಕೆಲಸ ಶುರುಮಾಡಿದರೆ ವೃಷಣ. ಇಲ್ಲದಿದ್ದರೆ ಸಾಮಾನ್ಯವಾಗಿ ಅಂಡಾಶಯ. ಎರಡೂ ಹುಟ್ಟುವುದು ಹೊಟ್ಟೆಯೊಳಗೆ, ಕಿಡ್ನಿಯ ಪಕ್ಕದಲ್ಲೇ. ಅಂಡಾಶಯ ಕಿಬ್ಬೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ವೃಷಣ ತೊಡೆಸಂದಿನ ದಾರಿ ಹಿಡಿದು ಚೀಲಕ್ಕೆ ಬರುತ್ತದೆ, ಏಕೆಂದರೆ ವೀರ್ಯಾಣು ತಯಾರಾಗಲು ಮೈಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಬೇಕು. ಇಳಿದರೂ ರಕ್ತನಾಳ, ನರ ಎಲ್ಲ ಹುಟ್ಟಿದ ಜಾಗದಿಂದಲೇ ಬರುತ್ತವೆ. ಬೀಜಕ್ಕೆ ಪೆಟ್ಟು ಬಿದ್ದರೆ ಹೊಟ್ಟೆ ಹಿಂಡುವುದು ಅದಕ್ಕೇ. ಮಗುವಿಗೆ ಆರು ತಿಂಗಳಾದರೂ ವೃಷಣ ಇಳಿಯದಿದ್ದರೆ ತಾನಾಗಿ ಇಳಿದೀತೆಂದು ಕಾಯುವುದಲ್ಲ. ಆರರಿಂದ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು.

‘ಅಂಡಕೋಶ ತಿರುಚಿಕೊಂಡರೆ’ ಎಂಬ ಒಂದು ಸಾಲು ಸಾಕು, ಪದದ ಗೊಂದಲ ಎಷ್ಟು ದುಬಾರಿ ಎಂದು ತೋರಿಸಲು. ಹೀಗೆ ತಿರುಚಿಕೊಳ್ಳುವ ಟಾರ್ಶನ್ ವೃಷಣ, ಅಂಡಾಶಯ ಎರಡಕ್ಕೂ ಆಗುತ್ತದೆ, ಎರಡೂ ತುರ್ತು, ಆದರೆ ಕಾಣಿಸಿಕೊಳ್ಳುವ ಬಗೆ ಬೇರೆ. ವೃಷಣದ್ದು ಹೆಚ್ಚಾಗಿ 12ರಿಂದ 18 ವಯಸ್ಸಿನ ಹುಡುಗರಲ್ಲಿ. ವೃಷಣ ಜೋತುಬಿದ್ದಿರುವ ಹುರಿ ತಿರುಚಿ ರಕ್ತ ನಿಲ್ಲುತ್ತದೆ. ಆರು ಗಂಟೆಯೊಳಗೆ ಬಿಡಿಸಿದರೆ ಬಹುಪಾಲು ಉಳಿಯುತ್ತದೆ, 24 ಗಂಟೆ ಕಳೆದರೆ ಉಳಿಯುವುದು ಅಪರೂಪ. ಹಠಾತ್ ನೋವು, ವಾಂತಿ, ಆ ಬದಿಯ ವೃಷಣ ಮೇಲಕ್ಕೆ ಏರಿ ಅಡ್ಡಲಾಗಿ ಕೂತಿರುವುದು, ಒಳತೊಡೆ ಸವರಿದರೂ ಅದು ಮೇಲೆ ಜಗ್ಗದಿರುವುದು ಸುಳಿವುಗಳು. ನಾಚಿಕೆಯಿಂದ ಹುಡುಗ ‘ಹೊಟ್ಟೆನೋವು’ ಎಂದಷ್ಟೇ ಹೇಳುವುದುಂಟು. ಚಡ್ಡಿ ಬಿಚ್ಚಿಸಿ ನೋಡದ ವೈದ್ಯರು ಗ್ಯಾಸ್ ಮಾತ್ರೆ ಕೊಟ್ಟು ಕಳಿಸುವುದೂ ಉಂಟು. ಅಂಡಾಶಯದ್ದಾದರೆ ಹೊರಗೆ ಏನೂ ಕಾಣದು. ಸಾಮಾನ್ಯವಾಗಿ 5 ಸೆಂಟಿಮೀಟರ್ ಮೀರಿದ ಗಡ್ಡೆಯೋ ಸಿಸ್ಟೋ (ನೀರು ತುಂಬಿದ ಚೀಲ) ಇರುವ ಅಂಡಾಶಯ ತಿರುಗಿಕೊಳ್ಳುತ್ತದೆ, ಎಡಕ್ಕಿಂತ ಬಲಗಡೆ ಹೆಚ್ಚು. ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತ ಹರಿಯುವುದು ಕಂಡಿತೆಂದು ಟಾರ್ಶನ್ ಇಲ್ಲವೆನ್ನುವಂತಿಲ್ಲ. ಕಪ್ಪಗೆ ಕಂಡರೂ ಬಿಡಿಸಿಟ್ಟರೆ ಅಂಡಾಶಯ ಚೇತರಿಸಿಕೊಳ್ಳುವುದೇ ಹೆಚ್ಚು.

ಅಂಡವೃದ್ಧಿಯದ್ದು ಇನ್ನೊಂದು ರಗಳೆ. ಆಯುರ್ವೇದ ವೃದ್ಧಿಯಲ್ಲಿ ಏಳು ಬಗೆ ಹೇಳುತ್ತದೆ. ಮೂತ್ರಜ ವೃದ್ಧಿ ಇಂದಿನ ಹೈಡ್ರೋಸಿಲ್‌ಗೆ ಹತ್ತಿರ, ಅಂತ್ರಜ ವೃದ್ಧಿ ಹರ್ನಿಯಾಗೆ. ಹಳಬರು ಬೇರ್ಪಡಿಸಿದ್ದನ್ನು ನಾವು ಮತ್ತೆ ಒಂದೇ ಗಂಟು ಕಟ್ಟಿದ್ದೇವೆ. ಹೈಡ್ರೋಸಿಲ್‌ನಲ್ಲಿ ತುಂಬಿರುವುದು ನೀರು: ಕತ್ತಲಲ್ಲಿ ಟಾರ್ಚ್ ಹಿಡಿದರೆ ಕೆಂಪಗೆ ಬೆಳಗುತ್ತದೆ, ಊತದ ಮೇಲ್ತುದಿ ಬೆರಳಿಗೆ ಸಿಗುತ್ತದೆ. ಹರ್ನಿಯಾದಲ್ಲಿ ಇಳಿದಿರುವುದು ಕರುಳು: ಮೇಲ್ತುದಿ ಸಿಗದು, ಕೆಮ್ಮಿದರೆ ಉಬ್ಬುತ್ತದೆ. ಅದು ಒಳಗೆ ಹೋಗದೆ ಗಟ್ಟಿಯಾಗಿ ನೋವು, ವಾಂತಿ ಬಂದರೆ ಕರುಳು ಸಿಕ್ಕಿಕೊಂಡಿದೆ ಎಂದರ್ಥ. (ಎಳೆಮಕ್ಕಳ ಹರ್ನಿಯಾ ಕೂಡ ಟಾರ್ಚಿಗೆ ಬೆಳಗಬಹುದು, ಅಲ್ಲಿ ಟಾರ್ಚನ್ನೊಂದೇ ನಂಬಬೇಡಿ.)

ಇನ್ನು ಪಿಸಿಒಎಸ್, ಹೆಂಗಸರ ಹಾರ್ಮೋನು ಏರುಪೇರಿನ ತೊಂದರೆ. ‘ಗರ್ಭಕೋಶದಲ್ಲಿ ನೀರುಗುಳ್ಳೆ’ ಎಂದು ಬರೆಯುವವರಿಗೆ ಎರಡೆರಡು ತಪ್ಪು: ಜಾಗ ಗರ್ಭಕೋಶವಲ್ಲ, ಅಂಡಾಶಯ, ಗುಳ್ಳೆಗಳು ರೋಗದ ಸಿಸ್ಟುಗಳಲ್ಲ, ಅರ್ಧ ಬೆಳೆದು ನಿಂತ ಫಾಲಿಕಲ್‌ಗಳು, 2ರಿಂದ 9 ಮಿಲಿಮೀಟರಿನವು. ಅವನ್ನು ಕರಗಿಸುವ ಕಷಾಯ, ಒಡೆಯುವ ಮಾತ್ರೆ ಎಲ್ಲ ಈ ಹೆಸರು ಹುಟ್ಟಿಸಿದ ವ್ಯಾಪಾರ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿನ ಗುಳ್ಳೆಗಳು ಈ ಮೂರರಲ್ಲಿ ಎರಡಿದ್ದು, ಥೈರಾಯ್ಡಿನಂಥ ಬೇರೆ ಕಾರಣ ಇಲ್ಲವೆಂದಾದರೆ ಪಿಸಿಒಎಸ್. ಹಾಗಾಗಿ ಒಂದೂ ಗುಳ್ಳೆ ಕಾಣದೆಯೂ ಅದು ಇರಬಹುದು, ಗುಳ್ಳೆ ಕಂಡೂ ಇಲ್ಲದಿರಬಹುದು. ಮೊದಲ ಮುಟ್ಟಾಗಿ ಎಂಟು ವರ್ಷದೊಳಗಿನ ಹುಡುಗಿಯರಲ್ಲಿ ಸ್ಕ್ಯಾನ್ ನೋಡಿ ಇದನ್ನು ಹೇಳಬಾರದೆಂದು 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ಆ ವಯಸ್ಸಿಗೆ ಗುಳ್ಳೆಗಳು ಸಹಜ. ಒಡೆಯಬೇಕಾದ ಫಾಲಿಕಲ್ ಒಡೆಯದೆ 3 ಸೆಂಟಿಮೀಟರ್ ಮೀರಿ ಬೆಳೆದರೆ ಅದನ್ನು ಸಿಸ್ಟ್ ಎನ್ನಿ, ಆಕ್ಷೇಪವಿಲ್ಲ. ಅದೂ ಎರಡು ಮೂರು ತಿಂಗಳಲ್ಲಿ ತಾನೇ ಇಳಿಯುವುದೇ ಹೆಚ್ಚು.

ಪದಗಳ ಹಂಚಿಕೆ ಕಷ್ಟವೇನಲ್ಲ. ಓವರಿಗೆ ಅಂಡಾಶಯ, ಅದರಿಂದ ಹೊರಬೀಳುವ ಕಣಕ್ಕೆ ಅಂಡಾಣು, ಅದನ್ನು ಸುತ್ತಿರುವ ಗುಳ್ಳೆಗೆ ಫಾಲಿಕಲ್ ಅಥವಾ ಕೋಶಿಕೆ. ಗಂಡಸಿನದ್ದಕ್ಕೆ ವೃಷಣ, ವೃಷಣಚೀಲ. ಅಂಡಕೋಶಕ್ಕೆ ನಿವೃತ್ತಿ.

ಗರ್ಭಕೋಶದ ವಿಷಯದಲ್ಲೂ ಒಂದು ಮಾತು. ‘ಟೋಟಲ್ ಹಿಸ್ಟರೆಕ್ಟಮಿ’ ಎಂದರೆ ಎಲ್ಲವನ್ನೂ ತೆಗೆದರು ಎಂದು ಕೇಳಿಸುತ್ತದೆ. ಅಲ್ಲ: ಗರ್ಭಕೋಶ ಮತ್ತು ಅದರ ಕೊರಳು, ಅಷ್ಟೇ. ಅಂಡಾಶಯ ಉಳಿದಿದ್ದರೆ ಮುಟ್ಟು ನಿಂತರೂ ಹಾರ್ಮೋನು ನಿಲ್ಲದು. ಎರಡೂ ಅಂಡಾಶಯ ಹೋಗಿದ್ದರೆ ನಲವತ್ತರ ಹೆಂಗಸಿಗೂ ದಿನಗಳಲ್ಲೇ ಮೈ ಬಿಸಿಯೇರುವುದು ಶುರು, ಮೂಳೆ ಸವೆಯುವುದು ಅದರ ಹಿಂದೆಯೇ. ಡಿಸ್ಚಾರ್ಜ್ ಹಾಳೆಯಲ್ಲಿ ‘ಊಫರೆಕ್ಟಮಿ’ (ಅಂಡಾಶಯ ತೆಗೆಯುವುದು) ಎಂಬ ಪದ ಇದೆಯೇ, ಇದ್ದರೆ ಒಂದು ಬದಿಯದ್ದೋ ಎರಡೂ ಬದಿಯದ್ದೋ ನೋಡಿಕೊಳ್ಳಿ.